ಪರಾಗದಿಂದಲೇ ಗಿಡ: ತರಕಾರಿ ತಳಿಗೆ ಹತ್ತಿರದ ದಾರಿ

ನಂದಗುಡಿ: ಹೊಸಕೋಟೆ ತಾಲ್ಲೂಕಿನ ಈ ಹೋಬಳಿಯಲ್ಲಿ ಕೊಳವೆಬಾವಿಯನ್ನು ನಂಬಿ ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಬೆಳೆಯುವ ರೈತ ಪ್ರತಿ ಹಂಗಾಮಿಗೂ ಹೈಬ್ರಿಡ್ ಬೀಜ ಅಥವಾ ಸಸಿಯನ್ನು ಹೊಸದಾಗಿ ಕೊಳ್ಳಬೇಕು. ಹೊಸ ರೋಗವೊಂದು ತೋಟಕ್ಕೆ ಕಾಲಿಟ್ಟರೆ ಅದನ್ನು ತಾಳಿಕೊಳ್ಳುವ ತಳಿ ಬರುವವರೆಗೆ ವರ್ಷಗಟ್ಟಲೆ ಕಾಯಬೇಕು. ಈ ಅವಧಿಯನ್ನು ಮೊಟಕುಗೊಳಿಸುವ ಪ್ರಯೋಗಾಲಯ ವಿಧಾನವೇ ಹ್ಯಾಪ್ಲಾಯ್ಡ್, ಅಂದರೆ ಏಕಗುಣಿತ ಸಸ್ಯಗಳ ಉತ್ಪಾದನೆ.

ವಿಳಂಬ ಏಕೆ?

ಎರಡು ಶುದ್ಧ ತಳಿಗಳನ್ನು ಕೂಡಿಸಿದಾಗ ಹೈಬ್ರಿಡ್ ಬೀಜ ದೊರೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ, ಎಲೆಮುಟುರು, ಸೊರಗು ಹಾಗೂ ಅಂಗಮಾರಿ ರೋಗಗಳನ್ನು ತಾಳಿಕೊಳ್ಳುವ ‘ಅರ್ಕಾ ರಕ್ಷಕ್’ ಟೊಮ್ಯಾಟೊ ಸಹ ಇಂತಹ ಹೈಬ್ರಿಡ್. ಶುದ್ಧ ತಳಿ ಪಡೆಯಲು ಗಿಡಕ್ಕೆ ಅದರದೇ ಪರಾಗವನ್ನು ತಲೆಮಾರುಗಳ ಕಾಲ ಕೊಡಬೇಕಾಗುತ್ತದೆ. ಪ್ರತಿ ತಲೆಮಾರಿಗೂ ಗುಣಗಳ ಮಿಶ್ರಣ ಅರ್ಧಕ್ಕೆ ಇಳಿಯುತ್ತದೆ. ಆರನೆಯ ತಲೆಮಾರಿನಲ್ಲೂ ಶೇ 1.6ರಷ್ಟು ಉಳಿದಿರುತ್ತದೆ. ಗೆಡ್ಡೆಗೆ ಒಂದು, ಬೀಜಕ್ಕೆ ಇನ್ನೊಂದು ಹಂಗಾಮು ಬೇಡುವ ಈರುಳ್ಳಿಯಲ್ಲಂತೂ ಈ ಕೆಲಸ ಇನ್ನೂ ನಿಧಾನ.

ವಿಧಾನ ಹೇಗೆ?

ದಪ್ಪ ಮೆಣಸಿನಕಾಯಿಯ ಜೀವಕೋಶದಲ್ಲಿ 24 ವರ್ಣತಂತುಗಳಿದ್ದರೆ ಪರಾಗದಲ್ಲಿ ಇರುವುದು 12 ಮಾತ್ರ. ಎಳೆಯ ಮೊಗ್ಗಿನಿಂದ ಪರಾಗಕೋಶವನ್ನು ಬಿಡಿಸಿ, ಸೋಂಕು ತಗುಲದಂತೆ ಪೋಷಕಾಂಶದ ಮಾಧ್ಯಮದ ಮೇಲೆ ಇರಿಸಲಾಗುತ್ತದೆ. ಕೆಲವು ದಿನ ಕತ್ತಲೆಯಲ್ಲಿ 35 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟರೆ, ಪರಾಗವಾಗಬೇಕಿದ್ದ ಕಣ ದಾರಿ ಬದಲಿಸಿ ಭ್ರೂಣವಾಗಿ ಬೆಳೆಯುತ್ತದೆ. ಹೀಗೆ ಹುಟ್ಟಿದ ಏಕಗುಣಿತ ಗಿಡ ಬೀಜ ಕಟ್ಟಲಾರದು. ಆದ್ದರಿಂದ ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ವರ್ಣತಂತುಗಳನ್ನು ದುಪ್ಪಟ್ಟುಗೊಳಿಸಲಾಗುತ್ತದೆ. ನಮ್ಮ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯಲ್ಲಿಯೂ ಈ ರಾಸಾಯನಿಕವಿದೆ. ಜೋಡಿಯ ಎರಡೂ ಪ್ರತಿಗಳು ಒಂದೇ ಆಗುವುದರಿಂದ ಒಂದೇ ತಲೆಮಾರಿನಲ್ಲಿ ಶುದ್ಧ ತಳಿ ಸಿದ್ಧ. ಹೊರಗಿನ ವಂಶವಾಹಿ ಸೇರಿಸದ ಕಾರಣ ಇದು ಕುಲಾಂತರಿ ಬೆಳೆಯಲ್ಲ.

ಈ ವಿದ್ಯೆ ಹುಟ್ಟಿದ್ದು ಭಾರತದಲ್ಲೇ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ ಅವರು ದತ್ತೂರಿ ಗಿಡದ ಪರಾಗಕೋಶದಿಂದ ಭ್ರೂಣಗಳನ್ನು ಪಡೆದು ಜಗತ್ತಿಗೆ ತೋರಿಸಿದರು.

ಟೊಮ್ಯಾಟೊದ ಹಟ

ದಪ್ಪ ಮೆಣಸಿನಕಾಯಿ, ಎಲೆಕೋಸುಗಳು ಈ ವಿಧಾನಕ್ಕೆ ಒಗ್ಗಿವೆ. ಈರುಳ್ಳಿಯಲ್ಲಿ ಪರಾಗದ ಬದಲು ಹೆಣ್ಣು ಭಾಗವಾದ ಅಂಡಕದಿಂದ ಗಿಡ ಪಡೆಯಲಾಗುತ್ತದೆ. ಆದರೆ ಟೊಮ್ಯಾಟೊ ಮಾತ್ರ ಪರಾಗಕೋಶ ಕೃಷಿಗೆ ಸುಲಭವಾಗಿ ಬಗ್ಗಿಲ್ಲ. 2022ರಲ್ಲಿ ಚೀನಾದ ವಿಜ್ಞಾನಿಗಳು ವಂಶವಾಹಿ ತಿದ್ದಿದ ಟೊಮ್ಯಾಟೊ ಗಿಡದ ಪರಾಗ ಬಳಸಿ, ಬೀಜಗಳಲ್ಲಿ ಶೇ 2ರ ಆಸುಪಾಸಿನಲ್ಲಿ ಏಕಗುಣಿತ ಸಸಿಗಳನ್ನು ಪಡೆದರು.

ಈ ವಿಧಾನದಿಂದ ರೈತ ಪ್ರತಿ ಬಾರಿ ಬೀಜ ಕೊಳ್ಳುವುದು ತಪ್ಪದು. ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ಹೊಲದಲ್ಲಿ ತಳಿಯ ಪರೀಕ್ಷೆಗೆ ಬೇಕಾದ ಹಂಗಾಮುಗಳೂ ಕಡಿಮೆಯಾಗವು. ಉಳಿಯುವುದು ಶುದ್ಧ ತಳಿ ಕಟ್ಟುವ ವರ್ಷಗಳು. ರೋಗಕ್ಕೆ ಬೆಳೆ ಕಳೆದುಕೊಂಡು ಕಾಯುತ್ತಿರುವ ರೈತನಿಗೆ ಆ ವರ್ಷಗಳೇ ದೊಡ್ಡವು.