ಜೂನ್ 1ರ ಲೆಕ್ಕ: ಎರಡು ದಿನ ತಡವಾಗಿ ಹುಟ್ಟಿದ್ರೆ ಒಂದು ವರ್ಷ ಕಾಯಬೇಕಾ?

ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ಸೇರಿಸೋಕೆ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಅಂತ ಸರ್ಕಾರ 2022ರಲ್ಲೇ ಆದೇಶ ಹೊರಡಿಸಿತ್ತು. ಆಮೇಲೆ ಜಾರಿ ಮುಂದಕ್ಕೆ ಹೋಯ್ತು. ಪೋಷಕರ ಒತ್ತಾಯದ ಮೇಲೆ 2025-26ನೇ ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಕೆಯೂ ಸಿಕ್ತು.

6 ವರ್ಷದ ನಿಯಮದಲ್ಲಿ ಮೇ 31ಕ್ಕೆ ಹುಟ್ಟಿದ ಮಗು ಶಾಲೆಗೆ ಹೋಗುತ್ತೆ. ಜೂನ್ 2ಕ್ಕೆ ಹುಟ್ಟಿದ್ದು ಇನ್ನೊಂದು ವರ್ಷ ಕಾಯುತ್ತೆ. ಹೀಗಿರುವಾಗ "ಹೇಗೂ ಸಿಸೇರಿಯನ್ ಆಗೋದೇ, ನಾಲ್ಕು ದಿನ ಮೊದಲೇ ಮಾಡಿಸೋಣ" ಅಂತ ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ.

ಸರ್ಕಾರದ ದಿನಾಂಕಕ್ಕೆ ಹೆರಿಗೆ ಬದಲಾಗುತ್ತಾ?

ಆಗುತ್ತೆ. 2004ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಜುಲೈ 1ರಿಂದ ಹುಟ್ಟುವ ಪ್ರತಿ ಮಗುವಿಗೆ 3,000 ಡಾಲರ್ ಘೋಷಿಸಿತು. ಸಾವಿರಕ್ಕೂ ಹೆಚ್ಚು ಹೆರಿಗೆಗಳು ಜೂನ್‌ನಿಂದ ಜುಲೈಗೆ ಸರಿದವು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅಲ್ಲಿ ಮುಂದೂಡಿದ್ರು. ಶಾಲೆ ಸೀಟಿಗಾಗಿಯಾದರೆ ಬೇಗ ಮಾಡಿಸಬೇಕಾಗುತ್ತೆ, ಅಪಾಯ ಇರೋದು ಅಲ್ಲೇ.

ವೈದ್ಯಕೀಯ ಕಾರಣ ಇಲ್ಲದಿದ್ದರೆ 39 ವಾರ ತುಂಬುವ ಮೊದಲು ಸಿಸೇರಿಯನ್ ಬೇಡ ಅನ್ನೋದು ತಜ್ಞರ ಸಲಹೆ. ಮೊದಲೇ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಬರುವ ಸಾಧ್ಯತೆ ಹೆಚ್ಚು. ಕೊನೆಯ ವಾರಗಳಲ್ಲೂ ಮಗುವಿನ ಶ್ವಾಸಕೋಶ, ಮೆದುಳು ಬೆಳೀತಾನೇ ಇರುತ್ತೆ.

ಕಾದರೆ ನಷ್ಟವಾ?

ಅಷ್ಟೇನೂ ಇಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಮೊದಲ ವರ್ಷಗಳಲ್ಲಿ ಓದು, ಬರಹದಲ್ಲಿ ಹಿಂದೆ ಬೀಳೋದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅದು ದಡ್ಡತನ ಅಲ್ಲ, ವಯಸ್ಸಿನ ವ್ಯತ್ಯಾಸ. ಆದರೆ ಕಾಯೋ ವರ್ಷ ಖಾಲಿ ಹೋಗಬಾರದು. ಖಾಸಗಿ ಶಾಲೆಯಲ್ಲಾದರೆ ಇನ್ನೊಂದು ವರ್ಷದ ಫೀಸು ಬೀಳಬಹುದು. ಅದು ಆಗದವರಿಗೆ ಅಂಗನವಾಡಿ ಇದೆ. ಅಲ್ಲಿ 6 ವರ್ಷದವರೆಗೆ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ ಎರಡೂ ಉಚಿತ.

ದಿನಾಂಕ ತಿದ್ದಿಸೋ ಕಾಲ ಮುಗೀತು

ಹಿಂದೆ ಹುಟ್ಟಿದ ದಿನ ಗೊತ್ತಿಲ್ಲ ಅಂದ್ರೆ ಮೇಷ್ಟ್ರೇ ಜೂನ್ 1 ಅಂತ ಬರೆದುಕೊಳ್ತಿದ್ರು. ಊರಲ್ಲಿ ಎಷ್ಟೋ ಹಿರಿಯರ ದಾಖಲೆಯಲ್ಲಿ ಅದೇ ತಾರೀಖು ಇದೆ. ಈಗ ಹಾಗಿಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲಾ ದಾಖಲಾತಿಗೂ ಜನನ ಪ್ರಮಾಣಪತ್ರವೇ ಆಧಾರ. ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ, ಶುಲ್ಕ ಇಲ್ಲ.

ಹೆರಿಗೆ ದಿನಾಂಕ ಡಾಕ್ಟರ್ ಹೇಳಲಿ, ಶಾಲೆಯ ಕ್ಯಾಲೆಂಡರ್ ಬೇಡ.