ಹಳೆ ಕಾರಿನ ಮೈಲೇಜ್: ಕಳೆದದ್ದನ್ನು ಮರಳಿ ಪಡೆಯುವ ಬಗೆ

ಪೆಟ್ರೋಲ್ ಕಾರಿನಲ್ಲಿ ಇಂಧನದ ಶಕ್ತಿಯ ಐದನೇ ಒಂದು ಭಾಗದಿಂದ ಕಾಲುಭಾಗದಷ್ಟು ಮಾತ್ರ ಚಕ್ರಗಳನ್ನು ತಲುಪುತ್ತದೆ. ಉಳಿದದ್ದರ ಬಹುಪಾಲು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಶಾಖವಾಗಿ ಹೊರಬೀಳುತ್ತದೆ. ಕೈಬದಲಾಗಿ ಬಂದ ಹಳೆ ಕಾರಿನಲ್ಲಿ ಈ ಸಣ್ಣ ಪಾಲೂ ಕರಗುತ್ತಾ ಹೋಗುತ್ತದೆ. ಮೈಲೇಜ್ ಸುಧಾರಿಸುವುದೆಂದರೆ ಹಾಗೆ ಕಳೆದುಹೋದದ್ದನ್ನು ಒಂದೊಂದಾಗಿ ಹುಡುಕಿ ಮರಳಿ ಪಡೆಯುವುದು.

ಮೊದಲು ಅಳತೆ. ಟ್ಯಾಂಕ್ ಫುಲ್ ಮಾಡಿಸಿ, ಮುನ್ನೂರು ಕಿ.ಮೀ.ನಷ್ಟು ಓಡಿಸಿ, ಅದೇ ಬಂಕ್‌ನಲ್ಲಿ ಮತ್ತೆ ಫುಲ್ ಮಾಡಿಸಬೇಕು. 300 ಕಿ.ಮೀ.ಗೆ 20 ಲೀಟರ್ ಹಿಡಿದರೆ ಮೈಲೇಜ್ 15. ಊರೊಳಗಿನ ಓಡಾಟವನ್ನೂ ಹೆದ್ದಾರಿಯ ಓಡಾಟವನ್ನೂ ಬೇರೆಬೇರೆಯಾಗಿ ಅಳೆಯುವುದು ಒಳ್ಳೆಯದು. ತುಮಕೂರಿನ ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ನಿಂತು ಹೊರಡುವ ಕಾರು, ಪ್ರತಿ ಬ್ರೇಕಿಗೂ ತಾನು ಗಳಿಸಿದ ವೇಗವನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ನಿಂತಲ್ಲೇ ಇಂಜಿನ್ ಓಡುತ್ತಿದ್ದರೆ ಸಣ್ಣ ಕಾರು ಕೂಡ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ.

ಅತಿ ಅಗ್ಗದ ಪರಿಹಾರ ಟೈರಿನ ಗಾಳಿ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಶ್ರಮವೆಲ್ಲ ರಬ್ಬರಿನ ಬಿಸಿಯಾಗಿ ಹೋಗುತ್ತದೆ. ನಾಲ್ಕೂ ಟೈರುಗಳಲ್ಲಿ 10 ಪಿಎಸ್‌ಐ ಕಡಿಮೆಯಿದ್ದರೆ ಮೈಲೇಜ್ ಶೇ 2ರಷ್ಟು ಇಳಿಯುತ್ತದೆ, ಟೈರೂ ಬೇಗ ಸವೆಯುತ್ತದೆ. ಗಾಳಿ ನೋಡಬೇಕಾದದ್ದು ಬೆಳಗ್ಗೆ, ಟೈರು ತಣ್ಣಗಿರುವಾಗ. ಹಳೆ ಕಾರಿನ ಇನ್ನೊಂದು ಗುಪ್ತ ಕಾಯಿಲೆ ಬ್ರೇಕ್ ಹಿಡಿದುಕೊಂಡೇ ಇರುವುದು. ಗುಬ್ಬಿಯಿಂದ ತುಮಕೂರಿಗೆ, ಸುಮಾರು 20 ಕಿ.ಮೀ. ಬಂದು ಇಳಿದಾಗ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ ಅನುಮಾನಿಸಬೇಕು.

ಮುಂದಿನದು ದಹನ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಳೆಯ ಮಾರುತಿ 800ರಂಥ ಕಾರುಗಳಲ್ಲಿ ಈ ಪ್ರಮಾಣವನ್ನು ಕಾರ್ಬುರೇಟರ್ ಕಾಯುತ್ತಿತ್ತು. ಸಮುದ್ರಮಟ್ಟಕ್ಕಿಂತ 800 ಮೀಟರ್ ಎತ್ತರದ ತುಮಕೂರಿನಲ್ಲಿ ಗಾಳಿ ಶೇ 8ರಷ್ಟು ತೆಳು. ಹಾಗಾಗಿ ಕಾರ್ಬುರೇಟರ್ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚುತ್ತದೆ, ಟ್ಯೂನಿಂಗ್ ಬೇಕಾಗುತ್ತದೆ. ಇಂಥ ಇಂಜಿನ್ನಿನಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಕುಸಿಯುತ್ತದೆ. ಕಾರ್ಬುರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಇಂಜಿನ್ನಿನಲ್ಲಿ ಹಾಗಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ತೋರಿಸಿದಂತೆ, ಅದರಲ್ಲಿ ಕೊಳೆ ಫಿಲ್ಟರ್‌ನಿಂದ ಪಿಕಪ್ ಕುಗ್ಗುತ್ತದೆ, ಮೈಲೇಜ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದರೂ ಹಳ್ಳಿ ರಸ್ತೆಯ ಧೂಳು, ಸುಗ್ಗಿಯಲ್ಲಿ ರಸ್ತೆಯ ಮೇಲೇ ನಡೆಯುವ ರಾಗಿ ಒಕ್ಕಣೆಯ ಹೊಟ್ಟು ಇಂಜಿನ್ ಸೇರದಂತೆ ಫಿಲ್ಟರ್ ಚೊಕ್ಕಟವಾಗಿರಲೇಬೇಕು.

ಎಂಪಿಎಫ್‌ಐ ಕಾರಿನಲ್ಲಿ ಮುಖ್ಯವಾಗಿ ನೋಡಬೇಕಾದವು ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್ ಮತ್ತು ಥರ್ಮೋಸ್ಟಾಟ್. ಇಂಜಿನ್ ಬಿಸಿಯೇರುವವರೆಗೆ ರೇಡಿಯೇಟರಿನತ್ತ ನೀರು ಹರಿಯದಂತೆ ತಡೆಯುವ ಥರ್ಮೋಸ್ಟಾಟನ್ನು, ಬಿಸಿಲ ಸೀಮೆಗೆ ಬೇಡವೆಂದು ಕೆಲವು ಗ್ಯಾರೇಜುಗಳಲ್ಲಿ ಕಿತ್ತುಬಿಡುತ್ತಾರೆ. ಆಗ ಇಂಜಿನ್ ಬೇಗ ಬಿಸಿಯೇರದೆ, ಇನ್ನೂ ತಣ್ಣಗಿದೆಯೆಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಬಳಸಿದ ಕಾರು ಕೊಂಡವರು ಇದನ್ನು ಪರೀಕ್ಷಿಸಿ, ಇಲ್ಲದಿದ್ದರೆ ಮತ್ತೆ ಹಾಕಿಸಬೇಕು.

ಓಡಿಸುವ ರೀತಿಯಲ್ಲಿ ದೊಡ್ಡ ಲೆಕ್ಕ ವೇಗದ್ದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕುಣಿಗಲ್ ಮೂಲಕ ಹಾಯುವ ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ 80ರ ಬದಲು 100ರಲ್ಲಿ ಹೋದರೆ ಆ ತಡೆ ಒಂದೂವರೆ ಪಟ್ಟಿಗೂ ಮಿಗುತ್ತದೆ. ದೇವರಾಯನದುರ್ಗದ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಅಪಾಯ, ಲಾಭವೂ ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಪಿಎಫ್‌ಐ ಇಂಜಿನ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಾದರೆ ಉರಿಸುತ್ತಲೇ ಇರುತ್ತದೆ.

ಎಲ್ಲವೂ ಸರಿಯಿದ್ದೂ ಉಳಿಯುವ ಕೊರತೆಯೊಂದಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಇಂಧನದಲ್ಲಿ ಶೇ 20 ಎಥನಾಲ್ ಇದೆ. ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಆದ್ದರಿಂದ ಇ20ರ ಪ್ರತಿ ಲೀಟರಿನಲ್ಲಿ ಶೇ 6ರಿಂದ 7ರಷ್ಟು ಶಕ್ತಿ ಕಮ್ಮಿ. ಹಳೆ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಇದು ಬೇಗ ಹಾಳುಮಾಡಬಹುದು, ಸರ್ವಿಸ್‌ನಲ್ಲಿ ತಪ್ಪದೆ ನೋಡಿಸಬೇಕು. ಈ ಕೊರತೆ ತುಂಬುತ್ತೇವೆಂದು ಮಾರುವ ಅಯಸ್ಕಾಂತ, ಪುಡಿ, ಮಾತ್ರೆಗಳಿಗೆ ಹಣ ಹಾಕಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದಾಗ ಬಹುತೇಕ ಯಾವುದರಿಂದಲೂ ಹೇಳಿಕೊಳ್ಳುವಂಥ ಉಳಿತಾಯ ಕಾಣಲಿಲ್ಲ. ಅದೇ ಹಣ ಪ್ಲಗ್, ಥರ್ಮೋಸ್ಟಾಟ್, ಬ್ರೇಕ್ ರಿಪೇರಿಗೆ ಹೋದರೆ ಸಾರ್ಥಕ.