ಹಿಂಡಿ ತಿಂದ ಹೋರಿಗರು ಯಾಕೆ ಕಡಿಮೆ ಮೇಯುತ್ತದೆ?

ತೊಗರಿ ರಾಶಿ ಮುಗಿಯಿತೆಂದರೆ ಸೇಡಂ, ಚಿತ್ತಾಪುರ ಸೀಮೆಯ ಹೊಲಗಳಿಗೆ ದನ ಬಿಡುತ್ತಾರೆ. ಉದುರಿದ ತೊಗರಿ ಎಲೆ, ಬದುವಿನ ಕರಿಕೆ ಇರುವತನಕ ಚಿಂತೆಯಿಲ್ಲ. ಶಿವರಾತ್ರಿ ದಾಟಿದ ಮೇಲೆ ಉಳಿಯುವುದು ಒಣಹುಲ್ಲು, ಮನೆಯಲ್ಲಿ ಜೋಳದ ಕಣಕಿ. ಆಗ ಬೆಳೆಯುವ ದೇವಣಿ ತಳಿಯ ಹೋರಿಗರುವಿಗೆ ಒಂದಿಷ್ಟು ಹಿಂಡಿ ಇಡುತ್ತಾರೆ. ಹಿಂಡಿ ತಿಂದ ಕರು ಮೇಯುವುದು ಬಿಟ್ಟು ನೆರಳಲ್ಲಿ ಮೆಲುಕು ಹಾಕುತ್ತ ಕೂತರೆ, “ಹಿಂಡಿ ಹಾಕಿ ಮೈಗಳ್ಳ ಮಾಡೀರಿ ನೋಡ್ರಿ” ಎಂಬ ಮಾತು ಬರುತ್ತದೆ.

ಕರು ಮೈಗಳ್ಳನಲ್ಲ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಮಾಂಸದ ದನಗಳ ಮೇಲೆ ನಡೆದ ಪ್ರಯೋಗಗಳನ್ನು 1993ರಲ್ಲಿ ಒಟ್ಟಿಗಿಟ್ಟು ನೋಡಿದರು. ಹಿಂಡಿಯಂಥ ಪ್ರೋಟೀನಿನ ಪೂರಕ ಆಹಾರ ತಿಂದ ದನಗಳು ದಿನಕ್ಕೆ ಸುಮಾರು ಒಂದೂವರೆ ತಾಸು ಕಡಿಮೆ ಮೇಯುತ್ತಿದ್ದವು. ಆದರೆ ಮೇಯ್ದ ಪ್ರತಿ ನಿಮಿಷಕ್ಕೂ ಹೊಟ್ಟೆಗೆ ಹೆಚ್ಚು ಹುಲ್ಲು ಸೇರುತ್ತಿತ್ತು.

ಗುಟ್ಟು ಇರುವುದು ಮೊದಲ ಹೊಟ್ಟೆಯಲ್ಲಿ. ಹುಲ್ಲಿನ ನಾರನ್ನು ಕರು ತಾನೇ ಕರಗಿಸಲಾರದು. ಅಲ್ಲಿನ ಸೂಕ್ಷ್ಮಜೀವಿಗಳು ಕರಗಿಸಬೇಕು. ಅವು ಬೆಳೆಯಲು ಸಾರಜನಕ ಬೇಕು, ಅದು ಸಿಗುವುದು ಮೇವಿನ ಪ್ರೋಟೀನಿನಿಂದ. ಮೇವಿನಲ್ಲಿ ಪ್ರೋಟೀನು ಶೇಕಡಾ 7ಕ್ಕಿಂತ ಇಳಿದರೆ ಅವುಗಳ ಕೆಲಸ ಕುಂಟುತ್ತದೆ. ಜೋಳದ ಕಣಕಿಯಲ್ಲಿರುವುದು ಅದಕ್ಕಿಂತ ಕಡಿಮೆ. ಕರಗದ ನಾರು ಹೊಟ್ಟೆಯಲ್ಲೇ ಕೂತರೆ ಹೊಸ ಮೇವಿಗೆ ಜಾಗವೆಲ್ಲಿ? ಅರ್ಧ ಕಿಲೋ ಶೇಂಗಾ ಹಿಂಡಿ ಬಿದ್ದರೆ ಜೀವಿಗಳು ಚುರುಕಾಗುತ್ತವೆ, ಹೊಟ್ಟೆ ಬೇಗ ಖಾಲಿಯಾಗುತ್ತದೆ, ಕಣಕಿಯೂ ಹೆಚ್ಚು ಒಳಸೇರುತ್ತದೆ. ಅಂದರೆ ಹಿಂಡಿ ಇಡುವುದು ಮೊದಲು ಆ ಜೀವಿಗಳಿಗೆ, ಕರುವಿಗೆ ಆಮೇಲೆ.

ಹಿಂಡಿಯ ಬದಲು ಜೋಳದ ಹಿಟ್ಟನ್ನೋ ಮೆಕ್ಕೆಜೋಳದ ನುಚ್ಚನ್ನೋ ಧಾರಾಳ ಸುರಿದರೆ ಕಥೆ ತಿರುವುಮುರುವು. ಪಿಷ್ಟ ಬೇಗ ಹುಳಿಯುತ್ತದೆ, ಹೊಟ್ಟೆಯಲ್ಲಿ ಆಮ್ಲ ಏರುತ್ತದೆ, ನಾರು ಕರಗಿಸುವ ಜೀವಿಗಳು ಸೋಲುತ್ತವೆ. ಮದುವೆ ಮನೆಯಲ್ಲಿ ಉಳಿದ ಅನ್ನ ತಿಂದ ದನ ಹೊಟ್ಟೆಯುಬ್ಬಿ ಬೀಳುವುದು ಇದೇ ಆಮ್ಲದ ದೆಸೆಯಿಂದ.

ಹಿಂಡಿ ಇಡುವ ಹೊತ್ತೂ ಮುಖ್ಯ. ದನಕ್ಕೆ ಮೇಯುವ ಜೋರು ಇರುವುದು ನಸುಕಿನಲ್ಲಿ, ಸಂಜೆಯಲ್ಲಿ. ಮೇಲ್ದವಡೆಗೆ ಮುಂದಿನ ಹಲ್ಲಿಲ್ಲ, ನಾಲಗೆಯಿಂದ ಹುಲ್ಲನ್ನು ಸುತ್ತಿ ಜಗ್ಗಿ ಕೀಳಬೇಕು. ಗಿಡ್ಡ ಹುಲ್ಲಾದರೆ ಒಂದು ತುತ್ತಿಗೆ ಸಿಗುವುದು ಚಿಟಿಕೆಯಷ್ಟು, ಹೊತ್ತು ಹೆಚ್ಚು ಹಿಡಿಯುತ್ತದೆ, ಹಾಗಾಗಿ ಆ ಎರಡು ಹೊತ್ತು ಕೆಡಬಾರದು. ಬೆಳಿಗ್ಗೆಯೇ ಹಿಂಡಿ ಕೊಡುವ ಮನೆಯ ಕರುಗಳು ಬಕೆಟ್ಟಿನ ಸದ್ದಿಗೆ ಕಿವಿ ನಿಮಿರಿಸಿ, ಮೇಯುವ ಹೊತ್ತನ್ನೆಲ್ಲ ಬಾಗಿಲ ಕಡೆ ನೋಡುತ್ತ ಕಳೆಯುತ್ತವೆ. ನಡುಮಧ್ಯಾಹ್ನ ಅವು ಹೇಗೂ ನೆರಳಿಗೆ ಬರುವ ಹೊತ್ತಿಗೆ ಕೊಟ್ಟರೆ ಈ ತಂಟೆಯಿಲ್ಲ. ನಮ್ಮ ಕಡೆ ಇನ್ನೊಂದು ತೊಡಕು: ದನ ಬಿಡುವುದು ಬಿಸಿಲೇರಿದ ಮೇಲೆ, ಹೊಡೆದು ತರುವುದು ಹೊತ್ತು ಮುಳುಗುವ ಮುಂಚೆ. ಒಳ್ಳೆಯ ಮೇಯುವ ಹೊತ್ತು ಎರಡೂ ಕಡೆ ಕತ್ತರಿಸಿ ಹೋಗುತ್ತದೆ. ಕಲಬುರಗಿ ಸೀಮೆಯ ಏಪ್ರಿಲ್ ಬಿಸಿಲಲ್ಲಿ ಈ ಪದ್ಧತಿ ಯಾರಿಗೂ ಲಾಭವಲ್ಲ ಎಂದೇ ನನ್ನ ಎಣಿಕೆ.

ಗ್ವಾದಲಿಯಲ್ಲಿ ಎಲ್ಲಕ್ಕೂ ಒಟ್ಟಿಗೆ ಹಿಂಡಿ ಸುರಿದರೆ ದೊಡ್ಡ ಎತ್ತು ಕೊಂಬು ತಿರುಗಿಸಿ ಸಣ್ಣವನ್ನು ಆಚೆ ನೂಕುತ್ತದೆ. ಹೋರಿಗರುವಿಗೆಂದು ಇಟ್ಟದ್ದು ಅದಕ್ಕೇ ಸಿಗಬೇಕಾದರೆ ಬೇರೆ ಗೂಟಕ್ಕೆ ಕಟ್ಟಿಯೇ ತಿನ್ನಿಸಬೇಕು.